ಅಡವಿಟ್ಟ ಬಳೆ, ಬಿಟ್ಟುಕೊಟ್ಟ ಅಡುಗೆಮನೆ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಾಗಲಿ, ಧಾರವಾಡದ ಸುಭಾಸ ರಸ್ತೆಯಾಗಲಿ, ಈಗ ಯಾವುದೇ ಔಷಧದ ಅಂಗಡಿಗೆ ಹೋಗಿ ಎರಡು ನಿಮಿಷ ನಿಂತು ನೋಡಿರಿ. ಜ್ವರದ ಗುಳಿಗೆ, ಕೆಮ್ಮಿನ ಔಷಧ ಎಲ್ಲವೂ ಒಳಗಿನ ಕಪಾಟಿಗೆ ಸರಿದಿರುತ್ತವೆ. ಎದುರಿಗೆ, ಬೆಳಕು ಬೀಳುವ ಗಾಜಿನ ಹಿಂದೆ ಕೂತಿರುವುದು ಮುಖಕ್ಕೆ ಹಚ್ಚುವ ಕ್ರೀಮು, ಬೇವಿನ ಫೇಸ್‌ವಾಶ್, ಗಂಧದ ಸಾಬೂನು, ಮೈಗೆ ಹೊಡೆದುಕೊಳ್ಳುವ ಸೆಂಟು. ಔಷಧ ಕೇಳಲು ಬಂದವರ ಕಣ್ಣಿಗೆ ಮೊದಲು ಬೀಳುವುದು ಚೆಲುವಿನ ಸಾಮಾನು. ಇದನ್ನು ಅಂಗಡಿಕಾರನ ಜಾಣತನ ಎಂದು ನಕ್ಕು ಬಿಡಬಹುದು. ಆದರೆ ಇದರ ಹಿಂದೆ ಸುಮಾರು ನೂರು ವರ್ಷದ ಇತಿಹಾಸವಿದೆ. ಔಷಧ ಮಾಡಿ ಮಾರುತ್ತಿದ್ದ ಮನೆತನಗಳು ಮೆಲ್ಲಗೆ ನಮ್ಮ ಬಚ್ಚಲಿಗೂ ಕನ್ನಡಿಯ ಮುಂದಿನ ಹಲಗೆಗೂ ಬಂದು ಸೇರಿದ ಇತಿಹಾಸ ಅದು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನಮ್ಮ ಪಾಠಪುಸ್ತಕದಲ್ಲಿ ಪುಲಿಕೇಶಿ ಇದ್ದಾನೆ, ಪಾಣಿಪತ್ ಇದೆ. ದಿನಾ ಬೆಳಿಗ್ಗೆ ಕೈಗೆತ್ತಿಕೊಳ್ಳುವ ಹಲ್ಲುಪುಡಿಯ ಕಥೆ ಇಲ್ಲ. ಹಾಗಾಗಿ ಅದನ್ನು ನಾನೇ ಬಿಡುವಿನ ವೇಳೆಯಲ್ಲಿ ಓದಿ, ಕೇಳಿ ಕೂಡಿಸಿಕೊಂಡೆ. ಕೂಡಿಸುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ಈ ದೊಡ್ಡ ಹೆಸರುಗಳೆಲ್ಲ ಹುಟ್ಟಿದ್ದು ಯಾವುದೋ ಹೆಣ್ಣುಮಗಳ ಬಳೆಯಿಂದ, ಇಲ್ಲವೆ ಯಾವುದೋ ಮನೆಯ ಅಡುಗೆಮನೆಯಿಂದ. ಹೆಸರು ಮಾತ್ರ ಗಂಡಸರದು.

ಕಂಪನಿಗಳಿಗಿಂತ ಮೊದಲು ಮನೆ ಇತ್ತು. ನನ್ನ ಅಜ್ಜಿ ಕಡಲೆಹಿಟ್ಟು, ಹೆಸರುಹಿಟ್ಟು, ಕಚೋರ, ಒಣಗಿದ ಕಿತ್ತಳೆ ಸಿಪ್ಪೆ ಎಲ್ಲವನ್ನೂ ಕುಟ್ಟಿ, ವಸ್ತ್ರಗಾಳಿಸಿ, ಪಿಂಗಾಣಿ ಭರಣಿಯಲ್ಲಿ ತುಂಬಿಡುತ್ತಿದ್ದಳು. ದೀಪಾವಳಿಯ ಎಣ್ಣೆಸ್ನಾನಕ್ಕೆ ಅದೇ, ಕೂಸಿಗೆ ಎರೆಯುವಾಗ ಅದೇ, ಬಾಣಂತಿಗೂ ಅದೇ. ಅಳತೆ ಕೇಳಿದರೆ ‘ಒಂದು ಹಿಡಿ, ಒಂದು ಚಿಟಿಕಿ’ ಎನ್ನುವಳು. ಬೆವರುಸಾಲೆಗೆ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ, ಗೊಬ್ಬರ ಅಮ್ಮ ಇಳಿದ ಮೇಲೆ ಬೇವಿನೆಲೆಯ ನೀರು, ಮೊಡವೆಗೆ ಅರಿಷಿಣದ ಕೊಂಬು. ಇದು ಔಷಧವೋ ಅಲಂಕಾರವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಮೈ ಚೆನ್ನಾಗಿರುವುದೂ ಚೆಂದ ಕಾಣುವುದೂ ಅವಳಿಗೆ ಒಂದೇ ಆಗಿತ್ತು.

ಇದೇ ತಿಳಿವಳಿಕೆ ಅಂಗಡಿಯ ಪೊಟ್ಟಣಕ್ಕೆ ಇಳಿದುದಕ್ಕೆ ನಮ್ಮ ಕನ್ನಡನಾಡಿನದೇ ಹಳೆಯ ಉದಾಹರಣೆ ನಂಜನಗೂಡಿನದು. ಬಿ.ವಿ. ಪಂಡಿತರು 1913ರಲ್ಲಿ ಅಲ್ಲಿ ಸದ್ವೈದ್ಯಶಾಲೆ ಸ್ಥಾಪಿಸಿದರು. ಅದು ಲೇಹ್ಯ, ಅರಿಷ್ಟ, ಚೂರ್ಣಗಳ ಆಯುರ್ವೇದ ಔಷಧಾಲಯ. ಆದರೆ ಊರೂರಿಗೆ ಅದರ ಹೆಸರು ಒಯ್ದದ್ದು ಹಲ್ಲುಪುಡಿ. ಮೈಸೂರು ಕಡೆಯ ನನ್ನ ಗೆಳತಿಯರಿಗೆ ‘ನಂಜನಗೂಡು’ ಎಂದರೆ ಒಂದು ಕಿವಿಯಲ್ಲಿ ಶ್ರೀಕಂಠೇಶ್ವರ, ಇನ್ನೊಂದರಲ್ಲಿ ಹಲ್ಲುಪುಡಿ. ಔಷಧ ಬೇಕಾಗುವುದು ಜಡ್ಡು ಬಂದಾಗ. ಹಲ್ಲುಪುಡಿ ಬೇಕಾಗುವುದು ದಿನಾ. ವೈದ್ಯಶಾಲೆಗಳಿಗೆ ಈ ಲೆಕ್ಕ ಬೇಗ ತಿಳಿಯಿತು.

ಪರಿಮಳದ ಕಥೆಯೂ ಅದೇ ಕಾಲದ್ದು. ಅದನ್ನು ಮನೆತನದ ಬದಲು ಸಂಸ್ಥಾನವೇ ಮಾಡಿತು. 1914ರಲ್ಲಿ ಮೊದಲ ಮಹಾಯುದ್ಧ ಸುರುವಾಗಿ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಕಟ್ಟಿಗೆ ನಿಂತುಹೋಯಿತು. ಮೈಸೂರು ಸಂಸ್ಥಾನ ಕಟ್ಟಿಗೆ ಮಾರುವುದರ ಬದಲು ಇಲ್ಲಿಯೇ ಎಣ್ಣೆ ತೆಗೆಯಲು ಹೊರಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು. ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಗಳು ಆ ಎಣ್ಣೆಯನ್ನು ಸಾಬೂನಿಗೆ ಹೊಂದಿಸಿದರು. ಸಾಣೆಕಲ್ಲಿನ ಗಂಧ ಹೀಗೆ ಡಬ್ಬಿಯೊಳಗಿನ ಸಾಬೂನಾಯಿತು. ಗಂಧದೆಣ್ಣೆ ಎಂಬ ಈ ಸಂಗತಿಯನ್ನು ನೆನಪಿಡಿರಿ. ಮುಂದೆ ಮತ್ತೆ ಬರುತ್ತದೆ.

ಈಗ ಬಳೆಯ ಕಥೆಗೆ ಬರುತ್ತೇನೆ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ ಮಾಕಳಿ ಎಂಬ ಊರಿದೆ. ಅಲ್ಲಿಯ ಹಿಮಾಲಯ ಕಂಪನಿಯ ಕಾರ್ಖಾನೆ ಸುರುವಾದದ್ದು 1975ರಲ್ಲಿ. ಕಂಪನಿ ಹುಟ್ಟಿದ್ದು ಮಾತ್ರ 1930ರಲ್ಲಿ, ದೂರದ ಡೆಹರಾಡೂನಿನಲ್ಲಿ. ಮೊಹಮ್ಮದ್ ಮನಾಲ್ ಎಂಬ ತರುಣ ಬರ್ಮಾದ ಕಾಡಿನಲ್ಲಿ ಕೆರಳಿದ ಆನೆಗಳಿಗೆ ಹಳ್ಳಿಯವರು ಒಂದು ಬೇರು ತಿನ್ನಿಸಿ ಶಾಂತಗೊಳಿಸುವುದನ್ನು ಕಂಡನೆಂದು ಕಂಪನಿಯವರು ಹೇಳುತ್ತಾರೆ. ಆ ಬೇರು ಸರ್ಪಗಂಧದ್ದು. ಅದನ್ನು ಗುಳಿಗೆ ಮಾಡಬೇಕೆಂದರೆ ಯಂತ್ರ ಬೇಕು, ಯಂತ್ರಕ್ಕೆ ದುಡ್ಡು ಬೇಕು. ತಾಯಿಯ ಒಡವೆ ಅಡವಿಟ್ಟು, ಕೈಯಿಂದ ಒತ್ತುವ ಗುಳಿಗೆಯ ಯಂತ್ರವೊಂದನ್ನು ಕೊಂಡರಂತೆ. ನಾಲ್ಕು ವರ್ಷದ ನಂತರ, 1934ರಲ್ಲಿ, ‘ಸರ್ಪಿನಾ’ ಎಂಬ ಗುಳಿಗೆ ಹೊರಗೆ ಬಂತು.

ಆ ಬೇರಿನ ಗುಣ ಸುಳ್ಳಾಗಲಿಲ್ಲ. 1949ರಲ್ಲಿ ಮುಂಬಯಿಯ ಹೃದಯತಜ್ಞ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಸರ್ಪಗಂಧದ ಪರಿಣಾಮವನ್ನು ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರ ಸಾರವನ್ನು ಬೇರ್ಪಡಿಸಿ ‘ರಿಸರ್ಪಿನ್’ ಎಂದು ಕರೆದರು. ಮನಾಲರ ಕಂಪನಿ 1955ರಲ್ಲಿ ಯಕೃತ್ತಿಗೆಂದು ‘ಲಿವ್ 52’ ತಂದಿತು. ನಮ್ಮಲ್ಲಿ ಕಾಮಾಲೆಯಾದವರ ಮನೆಯಲ್ಲಿ ಆ ಗುಳಿಗೆಯ ಶೀಶೆ ಇಲ್ಲದಿರುತ್ತಿದ್ದುದೇ ಅಪರೂಪ. ಮಗ ಮೆರಾಜ್ ಮನಾಲರ ಕಾಲಕ್ಕೆ ಕಾರ್ಖಾನೆ ಬೆಂಗಳೂರಿಗೆ ಬಂತು. 1999ರಲ್ಲಿ ಅದೇ ಔಷಧದ ಕಂಪನಿ ಮುಖ ತೊಳೆಯುವ, ಮೈಗೆ ಹಚ್ಚುವ ವಸ್ತುಗಳನ್ನು ಸಾಲಾಗಿ ತಂದಿತು. ಬೇವಿನ ಫೇಸ್‌ವಾಶ್ ಈಗ ನನ್ನ ಹತ್ತನೆಯ ಇಯತ್ತೆಯ ಹುಡುಗಿಯರ ಬಾಯಲ್ಲಿ ಉಪ್ಪು ಸಕ್ಕರೆಯಷ್ಟೇ ಸಹಜವಾದ ಹೆಸರು.

ಈ ಕಥೆಯಲ್ಲಿ ಮಗನ ಹೆಸರಿದೆ, ಮೊಮ್ಮಗನ ಹೆಸರಿದೆ, ಬೇರಿನ ಹೆಸರಿದೆ, ಆನೆಗೂ ಜಾಗವಿದೆ. ಒಡವೆ ಬಿಚ್ಚಿಕೊಟ್ಟವಳನ್ನು ಮಾತ್ರ ‘ತಾಯಿ’ ಎನ್ನುತ್ತಾರೆ, ಅಷ್ಟೇ. ಬಳೆ ಅಡವಿಡುವುದು ಎಂದರೇನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಅವಳ ಹೆಸರಿನಲ್ಲಿರುವ ಒಂದೇ ಆಸ್ತಿ. ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಈ ದೇಶದ ಎಷ್ಟು ಅಂಗಡಿ, ಎಷ್ಟು ಗಿರಣಿಗಳ ಮೊದಲ ಬಂಡವಾಳ ಹೆಂಗಸರ ಮುಂಗೈಯಿಂದ ಇಳಿದು ಬಂದಿತ್ತೋ! ಲಾಭ ಬಂದಾಗ ಅವಳಿಗೆ ಬಳೆ ಮರಳಿ ಬಂದರೆ ಅದೇ ದೊಡ್ಡದು. ಪಾಲು ಎಂದು ಯಾರೂ ಲೆಕ್ಕ ಬರೆಯಲಿಲ್ಲ.

ಇನ್ನೊಂದು ಕಥೆ ಅಡುಗೆಮನೆಯದು. 1956ರ ನವೆಂಬರ್ 1ರ ವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಹೊಸ ಬಟ್ಟೆ, ಹೊಸ ಔಷಧ, ಹೊಸ ಸಾಬೂನು ಏನೇ ಬಂದರೂ ನಮಗೆ ಅದು ಮುಂಬಯಿಯಿಂದ ಬರುವಂಥದು. ಆ ಮುಂಬಯಿಯ ಪರೇಲಿನಲ್ಲಿ, 1952ರಲ್ಲಿ, ಕೇಶವ ವಿಷ್ಣು ಪೆಂಢರಕರ ಎಂಬವರು ಒಂದು ಕಂಪನಿ ತೆರೆದರು. ನಾಗಪುರದ ಕಡೆಯಿಂದ ಬಂದವರು, ದಿನಸಿ ಅಂಗಡಿ ಇಟ್ಟು ಬದುಕಿದವರು. ವಿಷ್ಣು ಇಂಡಸ್ಟ್ರಿಯಲ್ ಕೆಮಿಕಲ್ ಕಂಪನಿ ಎಂಬ ಉದ್ದ ಹೆಸರು ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಚಿಕ್ಕದಾಗಿ ‘ವಿಕೋ’ ಎಂದಾಯಿತು. ಕಾರ್ಖಾನೆ ಎಲ್ಲಿ ಎಂದರೆ ಅವರ ಮೂರು ಕೋಣೆಯ ಮನೆಯೇ. ಅಡುಗೆಮನೆಯಲ್ಲಿ ಹಲ್ಲುಪುಡಿ ತಯಾರಿ, ಉಳಿದ ಕೋಣೆಗಳಲ್ಲಿ ಗೋದಾಮು ಮತ್ತು ಆಫೀಸು. ತಯಾರಾದ ಆಯುರ್ವೇದದ ಪುಡಿಯನ್ನು ಮನೆಮನೆಗೆ ಒಯ್ದು ಮಾರಿದರು.

ಇದನ್ನು ಓದಿದ ಗಂಡಸರು ಶಹಭಾಸ್ ಎನ್ನುತ್ತಾರೆ. ನನಗೆ ಹೊಳೆದ ಪ್ರಶ್ನೆ ಬೇರೆ. ಅಡುಗೆಮನೆಯೇ ಕಾರ್ಖಾನೆಯಾದರೆ ಆ ಮನೆಯಲ್ಲಿ ಒಲೆ ಎಲ್ಲಿ ಉರಿಯಿತು? ಬೇಳೆ ಬೇಯುವ ವಾಸನೆಯೂ ಪುಡಿಯ ಧೂಳೂ ಕೂಡಿದ ಆ ಮೂರು ಕೋಣೆಗಳಲ್ಲಿ ಮನೆಯಾಕೆ ಹೇಗೆ ದಿನ ದೂಡಿದಳು? ಹುಬ್ಬಳ್ಳಿಯ ಓಣಿಗಳಲ್ಲಿ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಮನೆಗಳನ್ನು ಕಂಡವಳು ನಾನು. ಅಂಥಲ್ಲಿ ಗಂಡ ಅಂಗಡಿಗೆ ಕೊಡಲು ಹೋದರೆ ಹುರಿಯುವುದು, ಕುಟ್ಟುವುದು, ಪೊಟ್ಟಣ ಕಟ್ಟುವುದು ಯಾರ ಪಾಲಿಗೆ ಎಂಬುದು ನಿಮಗೂ ಗೊತ್ತು.

ಪೆಂಢರಕರರ ಮಗ ಗಜಾನನರು ಔಷಧ ವಿಜ್ಞಾನದ ಪದವೀಧರರು. 1971ರಲ್ಲಿ ತಂದೆ ತೀರಿಕೊಂಡ ಮೇಲೆ ಅವರೇ ಯಜಮಾನರಾದರು. 1975ರಲ್ಲಿ ಅರಿಷಿಣದ ಕ್ರೀಮು ತಂದರು. ಮುಖಕ್ಕೆ ಹಚ್ಚಿದರೆ ಹಳದಿಯಾಗುವುದಿಲ್ಲವೇ ಎಂದು ಅಂಗಡಿಕಾರರೇ ಅನುಮಾನಿಸಿದಾಗ ಕಂಪನಿಯ ಮಾರಾಟಗಾರರು ತಮ್ಮ ಮುಖಕ್ಕೇ ಹಚ್ಚಿಕೊಂಡು ತೋರಿಸಿದರೆಂದು ಹೇಳುತ್ತಾರೆ. ಅರಿಷಿಣದ ಜೊತೆಗೆ ಅದರಲ್ಲಿ ಇದ್ದದ್ದು ಗಂಧದೆಣ್ಣೆ. ಅಂದರೆ ಮದುವಣಗಿತ್ತಿಗೆ ಹಚ್ಚುವ ಎರಡೂ ವಸ್ತುಗಳು ಒಂದೇ ಟ್ಯೂಬಿನಲ್ಲಿ. 1984ರಲ್ಲಿ ದೂರದರ್ಶನದಲ್ಲಿ ‘ಯೇ ಜೋ ಹೈ ಜಿಂದಗಿ’ ಧಾರಾವಾಹಿಯನ್ನು ಪ್ರಾಯೋಜಿಸಿದವರು ಇವರೇ. ನಮ್ಮ ಓಣಿಗೆ ಟಿ.ವಿ. ಬಂದ ಹೊಸತು. ಒಂದೇ ಟಿ.ವಿ.ಯ ಮುಂದೆ ಇಡೀ ಓಣಿ ಕೂತಿರುತ್ತಿತ್ತು. ಜಾಹೀರಾತು ಬಂದಾಗ ಎದ್ದು ಹೋಗುವವರು ಯಾರೂ ಇರಲಿಲ್ಲ.

ಆಗಿನ ನಮ್ಮಂಥ ಹುಡುಗಿಯರಿಗೆ ಇದರಿಂದ ಒಂದು ಉಪಕಾರವಾಯಿತು ಎಂಬುದನ್ನೂ ಹೇಳಬೇಕು. ‘ಸ್ನೋ ಬೇಕು’ ಎಂದರೆ ಮನೆಯಲ್ಲಿ ‘ಯಾರಿಗೆ ತೋರಸಾಕ?’ ಎಂಬ ಮಾತು ಬರುತ್ತಿತ್ತು. ಅರಿಷಿಣದ ಕ್ರೀಮು ಔಷಧದ ಅಂಗಡಿಯಲ್ಲಿ ಸಿಗುವಂಥದು, ಆಯುರ್ವೇದದ್ದು, ಮೊಡವೆಗೆ ಒಳ್ಳೆಯದು. ಹಾಗೆಂದರೆ ಅಪ್ಪನೂ ದುಡ್ಡು ಕೊಡುತ್ತಿದ್ದ. ಔಷಧ ಎಂಬ ಒಂದು ಮಾತಿನ ಮರೆಯಲ್ಲಿ ನಾವು ಕನ್ನಡಿ ನೋಡಿಕೊಳ್ಳುವ ಹಕ್ಕನ್ನು ಪಡೆದೆವು.

ಮುಂದೆ ಇದೇ ಮಾತು ಕೋರ್ಟಿನ ಮೆಟ್ಟಿಲು ಹತ್ತಿತು. ಅರಿಷಿಣದ ಕ್ರೀಮು ಔಷಧವಲ್ಲ, ಸೌಂದರ್ಯವರ್ಧಕ. ಹೆಚ್ಚು ತೆರಿಗೆ ಕೊಡಿರಿ ಎಂದು ಕೇಂದ್ರ ಅಬಕಾರಿ ಇಲಾಖೆಯ ವಾದ. ವೈದ್ಯರ ಚೀಟಿಯಿಲ್ಲದೆ, ಸಾದಾ ಅಂಗಡಿಯಲ್ಲೂ ಮಾರುವುದು ಔಷಧ ಹೇಗಾದೀತು ಎಂದು ಅವರು ಕೇಳಿದರು. 1978ರಲ್ಲಿ ಸುರುವಾದ ತಕರಾರು ಕಾಲು ಶತಮಾನಕ್ಕೂ ಹೆಚ್ಚು ಕಾಲ ಒಂದಲ್ಲ ಒಂದು ರೂಪದಲ್ಲಿ ನಡೆದು, ಸರ್ವೋಚ್ಚ ನ್ಯಾಯಾಲಯದಲ್ಲಿ ಕಂಪನಿಯ ಪರವಾಗಿ ಮುಗಿಯಿತು. ಅಲ್ಲಿ ನೋಡಿದ ಮುಖ್ಯ ಸಂಗತಿಗಳು ಎರಡು: ಜನಸಾಮಾನ್ಯರು ಅದನ್ನು ಏನೆಂದು ತಿಳಿದು ಕೊಳ್ಳುತ್ತಾರೆ ಎಂಬುದು ಒಂದು, ಅದರಲ್ಲಿರುವ ವಸ್ತುಗಳು ಆಯುರ್ವೇದದ ಪ್ರಮಾಣಗ್ರಂಥಗಳಲ್ಲಿ ಇವೆಯೇ ಎಂಬುದು ಇನ್ನೊಂದು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಲ್ಲಿ ಅಂಥ ಗ್ರಂಥಗಳ ಪಟ್ಟಿಯೇ ಇದೆ. ಚರಕಸಂಹಿತೆ, ಸುಶ್ರುತಸಂಹಿತೆ, ಅಷ್ಟಾಂಗಹೃದಯ, ಶಾರ್ಙ್ಗಧರಸಂಹಿತೆ ಹೀಗೆ.

ಈ ಗ್ರಂಥದ ಮಾತು ಇನ್ನೊಂದು ಕಡೆಯೂ ಬಂತು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಷಿಣ ಬಳಸುವ ವಿಧಾನಕ್ಕೆಂದು ಪೇಟೆಂಟ್ ಸಿಕ್ಕಿತು. ಅಂದರೆ ನಮ್ಮ ಅಜ್ಜಿ ಮೊಣಕಾಲ ಗಾಯಕ್ಕೆ ಒತ್ತುತ್ತಿದ್ದ ಅರಿಷಿಣ ಹೊಸ ಆವಿಷ್ಕಾರವಾಯಿತು! ಡಾ. ಮಾಶೇಲಕರರು ಮುಖ್ಯಸ್ಥರಾಗಿದ್ದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. ಹಳೆಯ ಸಂಸ್ಕೃತ, ಉರ್ದು, ಹಿಂದಿ ಬರಹಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಸಾಕ್ಷಿಯಾಗಿ ಒಡ್ಡಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಇಂಥದು ಮತ್ತೆ ಆಗಬಾರದೆಂದು 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಗಣಕ ಭಂಡಾರವೊಂದನ್ನು ಸರಕಾರ ಆರಂಭಿಸಿತು. ಅದರಲ್ಲಿಯೂ ತುಂಬಿದ್ದು ಮುಖ್ಯವಾಗಿ ಹಳೆಯ ಗ್ರಂಥಗಳ ಮಾತೇ.

ದೇಶ ಗೆದ್ದಿತು, ಸಂತೋಷ. ಆದರೆ ನನ್ನ ಮನಸ್ಸು ಅಲ್ಲಿಯೇ ನಿಂತಿತು. ಕೋರ್ಟಿಗೆ ಗ್ರಂಥ ಬೇಕು, ಪೇಟೆಂಟ್ ಕಚೇರಿಗೆ ಗ್ರಂಥ ಬೇಕು. ಕೋಟಿ ಕೋಟಿ ಹೆಂಗಸರು ತಲೆಮಾರುಗಟ್ಟಲೆ ದಿನವೂ ಮಾಡಿದ್ದು ಬರೆದಿಟ್ಟಿಲ್ಲವಾದ್ದರಿಂದ ಸಾಕ್ಷಿಯೇ ಅಲ್ಲ. ಬರೆಯಲು ಅವರಿಗೆ ಕಲಿಸಿದವರಾದರೂ ಯಾರು? ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ‘ಒಂದು ಹಿಡಿ’ ಯಾವ ಗ್ರಂಥದಲ್ಲಿಯೂ ಸಿಗುವುದಿಲ್ಲ. ಅವಳ ಹಾಗೆಯೇ ಗುಣ ಕಂಡುಕೊಂಡ ಅದೆಷ್ಟೋ ಹೆಂಗಸರ ಮಾತು ಕೇಳಿ ವೈದ್ಯರೂ ಗ್ರಂಥ ಬರೆದಿರಬಹುದು. ಆಗಲೂ ಹೆಸರು ಬರೆದವರದೇ.

ಮನೆಯ ತಿಳಿವಳಿಕೆ ಕೈಬಿಟ್ಟು ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ವಿಕೋದವರು ಅರಿಷಿಣದ ಕ್ರೀಮು ತಂದ, ಮಾಕಳಿಯ ಕಾರ್ಖಾನೆ ಸುರುವಾದ ಅದೇ 1975ರಲ್ಲಿ ‘ಫೇರ್ ಅಂಡ್ ಲವ್ಲಿ’ಯೂ ಬಂದಿತ್ತು. ಮೈ ಚೆನ್ನಾಗಿರಬೇಕು ಎನ್ನುವ ಮಾತು ಮೈ ಬೆಳ್ಳಗಿರಬೇಕು ಎಂದು ಬದಲಾದದ್ದು ಆಮೇಲೆಯೇ ಎಂದು ನಾನು ಹೇಳಲಾರೆ. ಕನ್ಯಾ ನೋಡಲು ಬಂದವರು ಬಣ್ಣ ನೋಡುವುದು ಅದಕ್ಕೂ ಹಿಂದಿನ ರೋಗ. ಆದರೆ ಆ ರೋಗಕ್ಕೆ ಅಂಗಡಿಯಲ್ಲಿ ಔಷಧ ಸಿಗುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಯಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಮಾತನ್ನು ತೆಗೆದರು. ನಂಬಿಕೆ ಅಷ್ಟು ಬೇಗ ತೆಗೆಯಲು ಬರುವಂಥದಲ್ಲ.

ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿ ಮದುವೆ ಗೊತ್ತಾದ ಮೇಲೆ ಒಂದು ಔಷಧದ ಅಂಗಡಿಗೆ ಹೋಗಿ, ಮುಖ ತಿಳಿಯಾಗಲು ಏನಾದರೂ ಕೊಡಿ ಎಂದು ಕೇಳಿದಳು. ಚೀಟಿ ಇಲ್ಲ, ಪ್ರಶ್ನೆ ಇಲ್ಲ. ಒಂದು ಚಿಕ್ಕ ಟ್ಯೂಬು ಕೊಟ್ಟರು. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯಿತು, ಮನೆಯವರೆಲ್ಲ ಹಿಗ್ಗಿದರು. ಮದುವೆಯಾಗಿ ನಾಲ್ಕು ತಿಂಗಳಿಗೆ ತವರಿಗೆ ಬಂದಾಗ ನೋಡುತ್ತೇನೆ, ಮುಖವೆಲ್ಲ ಕೆಂಪು, ಚರ್ಮ ತೆಳುವಾಗಿ ನರ ಕಾಣುತ್ತಿವೆ, ಗಲ್ಲದ ಮೇಲೆ ಕೂದಲು. ಬಿಸಿಲಿಗೆ ಹೋದರೆ ಉರಿ, ಟ್ಯೂಬು ಬಿಟ್ಟರೆ ಇನ್ನೂ ಉರಿ. ‘ಟೀಚರ್, ಔಷಧದ ಅಂಗಡ್ಯಾಗ ಕೊಟ್ಟದ್ದರೀ’ ಎಂದು ಅತ್ತಳು. ಚರ್ಮದ ಡಾಕ್ಟರು ಟ್ಯೂಬು ನೋಡಿ, ಇದು ಸ್ಟೆರಾಯ್ಡು, ಕೆಲವು ಚರ್ಮರೋಗಗಳಿಗೆ ಕೆಲವೇ ದಿನ ಹಚ್ಚುವಂಥದು ಎಂದರು. ಅವಳ ಮುಖ ಒಂದು ತಹಬಂದಿಗೆ ಬರಲು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಅತ್ತೆಯ ಮನೆಯಲ್ಲಿ ಅವಳು ಕೇಳಬಾರದ ಮಾತನ್ನೆಲ್ಲ ಕೇಳಿಯಾಗಿತ್ತು.

ಇಂಥ ಸ್ಟೆರಾಯ್ಡು ಕ್ರೀಮುಗಳಲ್ಲಿ ಹಲವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ ಆದೇಶ ಮಾಡಿತು. ಆದೇಶ ಕಾಗದದ ಮೇಲೆ ಇದೆ. ಕೇಳಿ ನೋಡಿ ಕೊಳ್ಳುವ ಎಚ್ಚರ ನಮ್ಮಲ್ಲಿರಬೇಕು. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ, ಹೆಸರಿನ ತುದಿಗೆ ‘ಸೋನ್’ ಎಂದು ಬರುವ ಔಷಧವಿದ್ದರೆ, ಡಾಕ್ಟರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿರಿ. ನಮ್ಮ ಅಜ್ಜಿಯ ಭರಣಿಯಲ್ಲಿ ಏನಿದೆ ಎಂದು ಮನೆಯ ಸಣ್ಣ ಹುಡುಗಿಗೂ ಗೊತ್ತಿತ್ತು. ಔಷಧದ ಅಂಗಡಿಯ ಮೇಲೆ ನಮಗೆ ಇರುವ ವಿಶ್ವಾಸ ಆ ಭರಣಿಯಿಂದ ಬಂದದ್ದು. ಆ ವಿಶ್ವಾಸದ ಸಾಲದ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಮಾರುವ ಹಾಗಾಗಬಾರದು.

ಇದರರ್ಥ ಎಲ್ಲರೂ ಮತ್ತೆ ಒಳಕಲ್ಲಿನ ಮುಂದೆ ಕೂಡಬೇಕು ಎಂದಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿ, ಒಂಬತ್ತು ಗಂಟೆಯ ಬಸ್ಸು ಹಿಡಿಯುವ ನನಗೆ ಟ್ಯೂಬು ಬೇಕು, ಸಾಬೂನು ಬೇಕು. ಮನೆಯ ಮದ್ದೆಲ್ಲ ಅಮೃತ ಎಂದೂ ಅಲ್ಲ. ಸಂತೆಯ ಅರಿಷಿಣದ ಪುಡಿಯಲ್ಲಿ ಬಣ್ಣ ಬೆರೆಸುವುದುಂಟು. ಕೆಲವರ ಮೈಗೆ ಬೇವೂ ಒಗ್ಗುವುದಿಲ್ಲ. ಶುದ್ಧವಾಗಿ, ಒಂದೇ ಅಳತೆಯಲ್ಲಿ, ಪರೀಕ್ಷೆ ಮಾಡಿ ಕೊಡುವ ಕಾರ್ಖಾನೆಯ ಶ್ರಮಕ್ಕೆ ಬೆಲೆ ಇದ್ದೇ ಇದೆ. ನಾನು ಕೇಳುವುದು ಇಷ್ಟೇ: ಬಳೆ ಕೊಟ್ಟವಳು, ಒಲೆ ಬಿಟ್ಟುಕೊಟ್ಟವಳು, ಹಿಡಿ ಚಿಟಿಕೆಯ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವಳು, ಇವರೂ ಈ ಇತಿಹಾಸದ ಪಾಲುದಾರರು ಎಂದು ಒಂದು ಸಾಲಾದರೂ ಬರೆಯಿರಿ.

ಬರೆಯಲು ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ, ಹಳ್ಳಿಯ ಪಂಚಾಯಿತಿಯಿಂದ ಪಟ್ಟಣದ ಪಾಲಿಕೆಯವರೆಗೆ, ಜೀವವೈವಿಧ್ಯ ಸಮಿತಿ ಇರಬೇಕು. ಅದು ಊರಿನ ಗಿಡಮೂಲಿಕೆ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ದಾಖಲೆ ಮಾಡಬೇಕು. ಆ ದಾಖಲೆಗೆ ಸಂಸ್ಕೃತದ ಶ್ಲೋಕ ಬೇಕಿಲ್ಲ, ಬಾಯಿಮಾತು ಸಾಕು. ಆದರೆ ಹೇಳಲು ಹೋಗುವ ಹೆಂಗಸರು ಎಷ್ಟು ಜನ?

ಅದಕ್ಕೇ ಕೆಲವು ವರ್ಷಗಳಿಂದ ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೆ ಬೇಸಿಗೆ ಸೂಟಿಯಲ್ಲಿ ಒಂದು ಕೆಲಸ ಕೊಡುತ್ತೇನೆ. ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿ, ಅವಳು ಮೈಗೆ, ಕೂದಲಿಗೆ, ಕೂಸಿಗೆ, ಬಾಣಂತಿಗೆ ಏನೇನು ಮಾಡುತ್ತಾಳೆ ಎಂದು ಬರೆಯಬೇಕು. ಮೇಲೆ ಅವಳ ಪೂರ್ತಿ ಹೆಸರು, ತವರೂರು, ವಯಸ್ಸು ಇರಬೇಕು. ಹೋದ ವರ್ಷ ಒಬ್ಬಳು ನವಲಗುಂದದ ಕಡೆಯ ತನ್ನ ಅಜ್ಜಿಯ ಮಾತನ್ನೂ ಹಾಗೆಯೇ ಬರೆದು ತಂದಿದ್ದಳು: ‘ನನ್ನ ಹೆಸರ ಯಾಕ ಬರಿತೀಯವ್ವಾ? ಇದು ಎಲ್ಲಾರ ಮನ್ಯಾಗಿಂದ ಅಲ್ಲೇನ?’ ಅಜ್ಜಿಯ ಮಾತು ನಿಜ. ಎಲ್ಲರ ಮನೆಯದು ಎಂದು ಅವಳು ಬಿಟ್ಟುಕೊಟ್ಟದ್ದನ್ನು ತಮ್ಮೊಬ್ಬರದೇ ಎಂದು ಬರೆಸಿಕೊಳ್ಳುವವರು ಇರುವ ತನಕ, ಅವಳ ಹೆಸರನ್ನು ಬರೆಯಲೇಬೇಕು ಎಂದು ಆ ಹುಡುಗಿಗೆ ಹೇಳಿದೆ. ಅವಳು ಪೆನ್ನು ತೆಗೆದು ಅಜ್ಜಿಯ ಹೆಸರಿನ ಕೆಳಗೆ ಗೆರೆ ಎಳೆದಳು.